ಮಿಥ್ಯಾ ಪ್ರಯೋಗಶಾಲೆಯೂ ಮಂಜರಾಬಾದಿನ ಮಳೆಯೂ

ಶಾಲೆಗಳಲ್ಲಿ ವಾಯುಗುಣ ವಿಜ್ಞಾನವನ್ನು ಬೋಧಿಸುವುದಕ್ಕೆ ಗಣಕಯಂತ್ರದ ಪರದೆಯ ಮೇಲೆ ನಡೆಯುವ ಪ್ರಯೋಗಗಳು ಎಷ್ಟರ ಮಟ್ಟಿಗೆ ಸಾಧನವಾಗಬಲ್ಲವು ಎಂಬ ಪ್ರಶ್ನೆ ಈಗ ಶಿಕ್ಷಣ ವಲಯದಲ್ಲಿ ಮತ್ತೆ ಮತ್ತೆ ಏಳುತ್ತಿದೆ. ಪ್ರಶ್ನೆಯನ್ನು ಎತ್ತುವವರಲ್ಲಿ ಬಹುಮಂದಿ ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ. ಒಂದು ಪಕ್ಷದವರಿಗೆ ಇದು ಬಡ ಶಾಲೆಯ ಸಕಲ ಕೊರತೆಗಳಿಗೂ ಸಿದ್ಧೌಷಧ. ಮತ್ತೊಂದು ಪಕ್ಷದವರಿಗೆ ಬರಿಯ ಬೊಂಬೆಯಾಟ. ಈ ಎರಡು ಪಕ್ಷಗಳಿಂದಲೂ ಸ್ವಲ್ಪ ದೂರ ನಿಂತು, ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿನ ಶಾಲೆಗಳನ್ನು ಕಣ್ಣ ಮುಂದಿರಿಸಿಕೊಂಡು ಈ ಸಾಧನವನ್ನು ಪರಿಶೀಲಿಸಬೇಕೆಂಬುದು ನಮ್ಮ ಉದ್ದೇಶ. ಮಳೆ ಎಂಬುದು ಪಾಠವಾಗುವುದಕ್ಕಿಂತ ಮೊದಲೇ ಬದುಕಾಗಿರುವ ನಾಡಿನಲ್ಲಿ ಈ ಪರೀಕ್ಷೆ ನಡೆಯುವುದು ಉಚಿತವೆಂದು ನಮಗೆ ತೋರುತ್ತದೆ.

ಮೊದಲು ಎರಡು ಮಾತುಗಳ ವಿಚಾರ. ಈ ಬಗೆಯ ಪ್ರಯೋಗಶಾಲೆಯನ್ನು ಸಾಮಾನ್ಯವಾಗಿ ‘ವರ್ಚುವಲ್ ಲ್ಯಾಬ್’ ಎಂದೇ ಕರೆಯುತ್ತಾರೆ. ನಮ್ಮ ಬೆಳಕಿನ ಪಾಠಗಳಲ್ಲಿ ಇದೇ ವಿಶೇಷಣಕ್ಕೆ ‘ಮಿಥ್ಯಾ’ ಎಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಕನ್ನಡಿಯಲ್ಲಿ ಕಾಣುವುದು ಮಿಥ್ಯಾ ಪ್ರತಿಬಿಂಬ. ಅದನ್ನೇ ನಾವು ಇಲ್ಲಿ ಬಳಸಿದ್ದೇವೆ, ನಿಂದೆಯ ಭಾವನೆಯಿಂದಲ್ಲ. ಮಿಥ್ಯಾ ಪ್ರತಿಬಿಂಬವನ್ನು ಪರದೆಯ ಮೇಲೆ ಹಿಡಿಯಲಾಗದು ಎಂದು ಆ ಪಾಠ ಹೇಳುತ್ತದೆ. ಮಿಥ್ಯಾ ಪ್ರಯೋಗಶಾಲೆಯಾದರೋ ಪರದೆಯನ್ನು ಬಿಟ್ಟು ಬೇರೆಲ್ಲೂ ಇಲ್ಲ! ಇನ್ನೊಂದು ಮಾತು ಇದಕ್ಕಿಂತ ಗಂಭೀರವಾದುದು. ನಮ್ಮ ಹಿಂದಿನ ಭೂಗೋಳ ಪಠ್ಯಗಳು ‘ಹವಾಮಾನ’, ‘ವಾಯುಗುಣ’ ಎಂಬ ಎರಡು ಮಾತುಗಳನ್ನು ಬೇರೆಬೇರೆಯಾಗಿ ಬಳಸುತ್ತಿದ್ದುವು. ಇಂದಿನ ಅಥವಾ ಈ ವಾರದ ಮಳೆ ಬಿಸಿಲುಗಳ ಸ್ಥಿತಿ ಹವಾಮಾನ. ಒಂದು ಪ್ರದೇಶದ ದೀರ್ಘಕಾಲದ ಸರಾಸರಿ ಮತ್ತು ಅದರ ಏರುಪೇರುಗಳ ಸ್ವಭಾವ ವಾಯುಗುಣ. ಈ ದೀರ್ಘಕಾಲವನ್ನು ಕನಿಷ್ಠ 30 ವರ್ಷವೆಂದು ಎಣಿಸುವುದು ಅಂತರರಾಷ್ಟ್ರೀಯ ರೂಢಿ. ಪತ್ರಿಕೆಗಳ ‘ಹವಾಮಾನ ಬದಲಾವಣೆ’ ಎಂಬ ಸಮಾಸವು ಈ ಭೇದವನ್ನು ಅಳಿಸಿಹಾಕಿದೆ. ನಿನ್ನೆ ಸುರಿದ ಮಳೆಯೇ ಬದಲಾವಣೆಗೆ ಸಾಕ್ಷಿಯೆಂದು ವಿದ್ಯಾರ್ಥಿ ತಿಳಿದರೆ ತಪ್ಪು ಅವನದಲ್ಲ, ಮಾತಿನದು. ಆದುದರಿಂದ ಈ ಲೇಖನದಲ್ಲಿ ಹಳೆಯ ಭೇದವನ್ನೇ ಉಳಿಸಿಕೊಂಡಿದ್ದೇವೆ.

ಶಿಕ್ಷಕರ ಕೈಗೆ ಈಗ ಒದಗುವ ಸಾಮಗ್ರಿ ಅಲ್ಪವೇನೂ ಅಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಯೋಜನೆಯೊಂದರಲ್ಲಿ ದೆಹಲಿಯ ಐ.ಐ.ಟಿ.ಯ ಮುಂದಾಳುತನದಲ್ಲಿ ಹಲವು ಸಂಸ್ಥೆಗಳು ಕೂಡಿ ಕಾಲೇಜುಗಳಿಗಾಗಿ ಇಂತಹ ಪ್ರಯೋಗಶಾಲೆಗಳನ್ನು ನಿರ್ಮಿಸಿವೆ. ಸಕಲೇಶಪುರದ ಮೋಡಗಳು ಯಾವ ಕಡಲಿನಿಂದ ಏರಿ ಬರುತ್ತವೆಯೋ ಆ ಕಡಲ ತಡಿಯ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ಅವುಗಳಲ್ಲಿ ಒಂದು. 9ರಿಂದ 12ನೆಯ ತರಗತಿಗಳಿಗಾಗಿ ಅಮೃತ ವಿಶ್ವವಿದ್ಯಾಪೀಠವೂ ಮುಂಬಯಿಯ ಸಿ-ಡ್ಯಾಕ್ ಸಂಸ್ಥೆಯೂ ಸೇರಿ ‘ಓ-ಲ್ಯಾಬ್ಸ್’ ಎಂಬುದನ್ನು ಸಿದ್ಧಪಡಿಸಿವೆ. ಇವೆಲ್ಲವೂ ಭೌತ, ರಸಾಯನ, ಜೀವವಿಜ್ಞಾನಗಳೆಂಬ ಹಳೆಯ ಕೋಣೆಗಳನ್ನೇ ಅನುಸರಿಸಿ ಕಟ್ಟಿದ ಮನೆಗಳು. ವಾಯುಗುಣವಾದರೋ ಈ ಕೋಣೆಗಳ ನಡುವಣ ಗೋಡೆಗಳಲ್ಲಿ ನಿಂತಿರುವ ವಿಷಯ. ಅದಕ್ಕಾಗಿ ಶಿಕ್ಷಕರು ಹೊರನಾಡಿನ ಎರಡು ಕೃತಿಗಳತ್ತ ನೋಡುವುದು ಸಹಜ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ನರು 2002ರಲ್ಲಿ ಆರಂಭಿಸಿದ ‘ಫೆಟ್’ ಮಾಲೆಯ ‘ಹಸುರುಮನೆ ಪರಿಣಾಮ’ ಮೊದಲನೆಯದು. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ‘ಸರಳ ವಾಯುಗುಣ ಮಾದರಿ’ ಎರಡನೆಯದು. ಇವೆರಡನ್ನೂ ಒಂದು ಗ್ರಂಥವನ್ನು ಓದುವಂತೆ ಓದಿ, ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ನೋಡೋಣ.

ಗುಣವನ್ನು ಮೊದಲು ಹೇಳುವುದು ನ್ಯಾಯ. ಸೂರ್ಯನಿಂದ ಬಂದ ಶಕ್ತಿಗೂ ಭೂಮಿಯಿಂದ ಹೊರಟ ಶಕ್ತಿಗೂ ಸಮತೋಲನವನ್ನು ಮಾತ್ರ ಲೆಕ್ಕ ಹಾಕಿದರೆ ಭೂತಲದ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರಬೇಕು. ವಸ್ತುತಃ ಅದು ಸರಾಸರಿ 15 ಡಿಗ್ರಿಯ ಸಮೀಪದಲ್ಲಿದೆ. ಈ ವ್ಯತ್ಯಾಸಕ್ಕೆ ನೀರಾವಿ, ಇಂಗಾಲದ ಡೈಆಕ್ಸೈಡು—ಹಿಂದಿನವರು ಅಂಗಾರಾಮ್ಲವೆಂದ ಅನಿಲ—ಮೊದಲಾದುವು ಅವಕೆಂಪು ಕಿರಣಗಳನ್ನು ಹೀರಿಕೊಳ್ಳುವುದೇ ಕಾರಣ. ಇದನ್ನು ಶಾಲೆಯ ಮೇಜಿನ ಮೇಲೆ ತೋರಿಸುವುದು ಹೇಗೆ? ಎರಡು ಗಾಜಿನ ಸೀಸೆಗಳು, ಎರಡು ಉಷ್ಣತಾಮಾಪಕಗಳು. ಒಂದರಲ್ಲಿ ಗಾಳಿ, ಇನ್ನೊಂದರಲ್ಲಿ ಅಂಗಾರಾಮ್ಲ. ಎರಡನ್ನೂ ಬಿಸಿಲಲ್ಲಿಟ್ಟರೆ ಎರಡನೆಯದು ಹೆಚ್ಚು ಬಿಸಿಯಾಗುತ್ತದೆ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ನಡೆಸಿದ ಪ್ರಯೋಗವೂ ಸ್ಥೂಲವಾಗಿ ಈ ಜಾತಿಯದೇ. ನೋಡುವುದಕ್ಕೆ ಇದು ಬಲು ಸೊಗಸು. ಆದರೆ 2010ರಲ್ಲಿ ಅಮೆರಿಕದ ಭೌತವಿಜ್ಞಾನ ಬೋಧನೆಯ ಪತ್ರಿಕೆಯೊಂದರಲ್ಲಿ ಮೂವರು ವಿಜ್ಞಾನಿಗಳು ಈ ಪ್ರಯೋಗದ ಬುಡವನ್ನೇ ಅಲುಗಿಸಿದರು. ಅಂಗಾರಾಮ್ಲದ ಬದಲು ಆರ್ಗಾನ್ ತುಂಬಿದರೂ ಉಷ್ಣತೆ ಸುಮಾರಾಗಿ ಅಷ್ಟೇ ಏರುತ್ತದೆ ಎಂದು ಅವರು ತೋರಿಸಿದರು. ಆರ್ಗಾನ್ ಅವಕೆಂಪು ಕಿರಣಗಳನ್ನು ಹೀರುವುದಿಲ್ಲ. ಎರಡು ಅನಿಲಗಳೂ ಗಾಳಿಗಿಂತ ಭಾರವಾದುದರಿಂದ ತಳದಲ್ಲಿ ನೆಲಸಿ, ಮೇಲಣ ತಂಪು ಗಾಳಿಯೊಡನೆ ಬೆರೆಯವು. ಉಷ್ಣತೆ ಏರಿದ್ದು ಮುಖ್ಯವಾಗಿ ಇದರಿಂದ. ಅಂದರೆ ಉತ್ತರ ಸರಿ, ಕಾರಣ ತಪ್ಪು. 1859ರಲ್ಲಿ ಜಾನ್ ಟಿಂಡಲ್ ಮಾಡಿದಂತೆ ಕಲ್ಲುಪ್ಪಿನ ಬಿಲ್ಲೆಗಳಿಂದ ಮುಚ್ಚಿದ ಕೊಳವೆಯಲ್ಲಿ ಕಿರಣಗಳ ಹೀರಿಕೆಯನ್ನು ಅಳೆಯುವುದು ಪ್ರೌಢಶಾಲೆಯ ಅಳವಿಗೆ ಮೀರಿದ್ದು. ಇಂತಹ ಕಡೆಯಲ್ಲಿ ಮಿಥ್ಯಾ ಪ್ರಯೋಗವು ಸತ್ಯವಾದ ಸೀಸೆಗಿಂತ ಹೆಚ್ಚು ಸತ್ಯವನ್ನು ಹೇಳುತ್ತದೆ ಎನ್ನದೆ ವಿಧಿಯಿಲ್ಲ. ಫೆಟ್ ಮಾಲೆಯ ಪರದೆಯಲ್ಲಿ ಹಳದಿಯ ಸೌರಕಿರಣ ಕೆಳಗಿಳಿಯುವುದನ್ನೂ, ನೆಲದಿಂದ ಹೊರಟ ಕೆಂಬಣ್ಣದ ಅವಕೆಂಪು ಕಿರಣ ನಡುವೆ ತಡೆಯಲ್ಪಟ್ಟು ಕೆಲವಂಶ ಹಿಂದಿರುಗುವುದನ್ನೂ ಕಂಡ ವಿದ್ಯಾರ್ಥಿ ಕಾರ್ಯಕಾರಣವನ್ನು ಸರಿಯಾಗಿಯೇ ಗ್ರಹಿಸುತ್ತಾನೆ.

ಇನ್ನು ಕೊರತೆಯ ಮಾತು. ಅದೇ ಪರದೆಯಲ್ಲಿ ವಿದ್ಯಾರ್ಥಿ ಕಾಲವನ್ನು ಆರಿಸಿಕೊಳ್ಳಬಹುದು. ಹಿಮಯುಗವನ್ನು ಆರಿಸಿದರೆ ಹಿನ್ನೆಲೆಯಲ್ಲಿ ನೀರ್ಗಲ್ಲಿನ ಹರಹು ಮೂಡುತ್ತದೆ, 1750ನ್ನು ಆರಿಸಿದರೆ ಅದು ಕರಗಿ ಬಯಲಾಗುತ್ತದೆ. ಉಷ್ಣತಾಮಾಪಕದ ಪಾದರಸ ಏರುತ್ತದೆ, ಇಳಿಯುತ್ತದೆ. ಆದರೆ ಅಲ್ಲಿ ಗಾಳಿ ಬೀಸುವುದಿಲ್ಲ. ಮಳೆ ಸುರಿಯುವುದಿಲ್ಲ. ಮೋಡವೊಂದು ಬೇಕಾದರೆ ಬರುತ್ತದೆ. ಅದು ಬೆಳಕನ್ನು ತಡೆಯುವ ತಟ್ಟೆಯಷ್ಟೇ ಹೊರತು ನೀರನ್ನು ಹೊತ್ತ ಮೋಡವಲ್ಲ. ಆ ಕೃತಿಯ ಗುರಿಯೇ ಕಿರಣಗಳ ಲೆಕ್ಕವಾದುದರಿಂದ ಇದನ್ನು ಅದರ ದೋಷವೆನ್ನಲಾಗದು. ದೋಷವಿರುವುದು ಇಷ್ಟನ್ನು ತೋರಿಸಿ ವಾಯುಗುಣದ ಪಾಠ ಮುಗಿಯಿತೆಂದು ಪುಸ್ತಕ ಮುಚ್ಚುವ ನಮ್ಮಲ್ಲಿ. ಮುಂಗಾರಿನ ನಾಡಿನ ಬಾಲಕನಿಗೆ ವಾಯುಗುಣವೆಂದರೆ ಮೊದಲು ನೀರು, ಆಮೇಲೆ ಉಷ್ಣತೆ.

ಮೊನಾಶ್ ಮಾದರಿಯಲ್ಲಿ ಗಾಳಿಯೂ ಉಂಟು, ನೀರಾವಿಯೂ ಉಂಟು. ಅಲ್ಲಿ ಒಂದೊಂದು ಪ್ರಕ್ರಿಯೆಯನ್ನು—ಮೋಡ, ಹಿಮ, ಸಮುದ್ರದ ಉಷ್ಣಸಂಗ್ರಹ—ದೀಪವಾರಿಸಿದಂತೆ ಆರಿಸಿ, ಅದಿಲ್ಲದ ಭೂಮಿ ಹೇಗಿರುತ್ತಿತ್ತೆಂದು ನೋಡಬಹುದು. ಇದು ಕಲ್ಪನೆಯನ್ನು ಕೆರಳಿಸುವ ಉಪಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡು ಸಂಗತಿಗಳನ್ನು ಶಿಕ್ಷಕರು ತಿಳಿದಿರಬೇಕು. ಆ ಮಾದರಿ ಭೂಮಂಡಲವನ್ನು ಮೂರೂಮುಕ್ಕಾಲು ಡಿಗ್ರಿಯ ಚೌಕಗಳಾಗಿ ಒಡೆಯುತ್ತದೆ. ನಮ್ಮ ಅಕ್ಷಾಂಶದಲ್ಲಿ ಒಂದು ಚೌಕದ ಬದಿ ಸುಮಾರು 400 ಕಿಲೋಮೀಟರು. ಅಷ್ಟು ಅಗಲದ ಚೌಕದಲ್ಲಿ ಮಂಗಳೂರು, ಸಕಲೇಶಪುರ, ಬೆಂಗಳೂರುಗಳು ಒಟ್ಟಿಗೆ ಅಡಗಬಲ್ಲವು. ಘಟ್ಟವೆಂಬುದೇ ಅಲ್ಲಿ ಇಲ್ಲ. ಎರಡನೆಯ ಸಂಗತಿ ಇನ್ನೂ ಮುಖ್ಯ. ವಿದ್ಯಾರ್ಥಿ ಗುಂಡಿ ಒತ್ತಿದಾಗ ಅಲ್ಲಿ ಯಾವ ಗಣನೆಯೂ ಹೊಸದಾಗಿ ನಡೆಯುವುದಿಲ್ಲ; ಮೊದಲೇ ಗಣಿಸಿ ಭಂಡಾರದಲ್ಲಿಟ್ಟ ಫಲಿತಾಂಶಗಳಲ್ಲಿ ಒಂದನ್ನು ತೆಗೆದು ತೋರಿಸಲಾಗುತ್ತದೆ. ಅದನ್ನು ರಚಿಸಿದವರು ಇದನ್ನು ಮುಚ್ಚಿಟ್ಟಿಲ್ಲ. ಪ್ರಯೋಗಗಳ ಭಂಡಾರವೆಂದೇ 2019ರ ಲೇಖನದಲ್ಲಿ ಕರೆದಿದ್ದಾರೆ. ಭಂಡಾರದಿಂದ ಪುಸ್ತಕ ತೆಗೆಯುವುದನ್ನು ನಾವು ಓದು ಎನ್ನುತ್ತೇವೆ, ಪ್ರಯೋಗ ಎನ್ನುವುದಿಲ್ಲ.

ಪ್ರಯೋಗಶಾಲೆಯ ಲಕ್ಷಣವೇನು? ನಿಸರ್ಗಕ್ಕೆ ‘ಇಲ್ಲ’ ಎನ್ನುವ ಅಧಿಕಾರವಿರುವ ಸ್ಥಳವೇ ಪ್ರಯೋಗಶಾಲೆ ಎಂದು ನಾವು ತಿಳಿಯುತ್ತೇವೆ. ಲೋಲಕವನ್ನು ತೂಗುಬಿಟ್ಟ ವಿದ್ಯಾರ್ಥಿಗೆ ಗುರುತ್ವದ ಮೌಲ್ಯ 9.8ರ ಬದಲು 9.4 ಬರುತ್ತದೆ. ಎಲ್ಲಿ ತಪ್ಪಿತು ಎಂದು ಅವನು ಹುಡುಕಬೇಕಾಗುತ್ತದೆ: ದಾರದ ಉದ್ದವೋ, ಎಣಿಕೆಯೋ, ಗಡಿಯಾರವೋ? ಆ ಹುಡುಕಾಟದಲ್ಲಿಯೇ ವಿಜ್ಞಾನದ ಅರ್ಧ ಶಿಕ್ಷಣ ಇದೆ. ಮಿಥ್ಯಾ ಪ್ರಯೋಗಶಾಲೆಯಲ್ಲಿ ಎಂದೂ 9.4 ಬಾರದು, ಬಂದರೂ, ರಚಿಸಿದವನು ಬೇಕೆಂದು ಇಟ್ಟ ದೋಷ ಅದಾಗಿರುತ್ತದೆ. ಒಳಗೆ ಹಾಕಿದ ನಿಯಮವೇ ಹೊರಗೆ ಬರುತ್ತದೆ.

ಇದಕ್ಕೆ ಒಂದು ಆಕ್ಷೇಪವುಂಟು; ಅದು ಬಲವಾದ ಆಕ್ಷೇಪವೇ. ವಾಯುಗುಣ ವಿಜ್ಞಾನಿಗಳೂ ಗಣಕದ ಮಾದರಿಗಳಿಂದಲೇ ಕೆಲಸ ಮಾಡುವರಲ್ಲವೆ? ಭೂಮಿ ಒಂದೇ ಒಂದು. ಅಂಗಾರಾಮ್ಲ ಹೆಚ್ಚಿದ ಭೂಮಿಯನ್ನೂ ಹೆಚ್ಚದ ಭೂಮಿಯನ್ನೂ ಅಕ್ಕಪಕ್ಕ ಇಟ್ಟು ನೋಡುವ ಭಾಗ್ಯ ಯಾರಿಗೂ ಇಲ್ಲ. ಹಾಗಿರುವಾಗ ಶಾಲೆಯವರು ಮಾದರಿಯಿಂದ ಕಲಿತರೆ ತಪ್ಪೇನು? ತಪ್ಪಿಲ್ಲ. ಆದರೆ ವಿಜ್ಞಾನಿಗಳು ಮಾದರಿಯನ್ನು ಒಂಟಿಯಾಗಿ ನಂಬುವುದಿಲ್ಲ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಅಳತೆಯನ್ನು ತೊಡಗಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅಂಗಾರಾಮ್ಲ ಸುಮಾರು 315 ಭಾಗವಿದ್ದಿತು. 2024ರ ವಾರ್ಷಿಕ ಸರಾಸರಿ 424ನ್ನು ದಾಟಿದೆ. ಈ ಅಂಕಿಗಳು ಯಾವ ಮಾದರಿಯಿಂದಲೂ ಬಂದವಲ್ಲ. ಅಳೆದು ಅಳೆದು ಬಂದವು. ಮಾದರಿ ಮತ್ತು ಅಳತೆ ಇವುಗಳ ವಾಗ್ವಾದವೇ ಈ ವಿಜ್ಞಾನ. ನಮ್ಮ ಶಾಲೆಗಳಿಗೆ ವಾದಿಯನ್ನು ಮಾತ್ರ ಕಳುಹಿಸಿ ಪ್ರತಿವಾದಿಯನ್ನು ಮನೆಯಲ್ಲಿಯೇ ಕೂರಿಸಿದ್ದೇವೆ.

ಪ್ರತಿವಾದಿಯ ಮನೆ ಎಲ್ಲಿ ಎಂದು ಕೇಳಿದರೆ ಸಕಲೇಶಪುರದಲ್ಲಿ ದೂರ ಹೋಗಬೇಕಾಗಿಲ್ಲ. ಹಿಂದೆ ಮಂಜರಾಬಾದು ತಾಲ್ಲೂಕೆಂದು ಹೆಸರಾಗಿದ್ದ ಈ ನಾಡು ಸಮುದ್ರಮಟ್ಟದಿಂದ ಸುಮಾರು 950 ಮೀಟರು ಎತ್ತರದಲ್ಲಿ ಘಟ್ಟದ ತುದಿಗೇ ಆತು ನಿಂತಿದೆ. ಪಶ್ಚಿಮಕ್ಕೆ ಬಿಸಿಲೆಯ ಕಾಡು, ಶಿರಾಡಿಯ ಇಳಿಜಾರು. ಪೂರ್ವಕ್ಕೆ ಹೇಮಾವತಿಯನ್ನು ದಾಟಿ 25 ಕಿಲೋಮೀಟರು ಸಾಗಿದರೆ ಆಲೂರು. ಅಷ್ಟರಲ್ಲಿಯೇ ಏಲಕ್ಕಿ ಕಾಫಿಗಳ ನಾಡು ಕಳೆದು ಗದ್ದೆ, ಶುಂಠಿ, ಮುಸುಕಿನ ಜೋಳಗಳ ನಾಡು ಕಾಣತೊಡಗುತ್ತದೆ. ಮಳೆ ಗಣನೀಯವಾಗಿ ಇಳಿದುಹೋಗಿರುತ್ತದೆ. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ಕಡಿದಾಗಿ ಮಳೆ ಬದಲಾಗುವ ಪ್ರದೇಶಗಳು ಭೂಮಿಯ ಮೇಲೆ ಹೆಚ್ಚಿಲ್ಲ. ಇಲ್ಲಿಯ ಕಾಫಿ ತೋಟಗಳಲ್ಲಿ ಮಳೆಮಾಪಕವಿಟ್ಟು ದಿನದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವ ವಾಡಿಕೆ ತಲೆಮಾರುಗಳಿಂದ ನಡೆದುಬಂದಿದೆ. ಇದು ಹವ್ಯಾಸವಲ್ಲ, ವ್ಯವಹಾರ. ಬೇಸಗೆಯ ಒಣಗಾಲದಲ್ಲಿ ಮಲಗಿದ್ದ ಕಾಫಿಯ ಮೊಗ್ಗು ಮಾರ್ಚ್, ಏಪ್ರಿಲ್ ತಿಂಗಳ ಒಂದು ಹದಮಳೆಗೆ ಎಚ್ಚತ್ತು ಎಂಟು ಹತ್ತು ದಿನಗಳಲ್ಲಿ ಅರಳುತ್ತದೆ. ಹೂಮಳೆ ಎಂದು ಬಿತ್ತು, ಎಷ್ಟು ಸೆಂಟು ಬಿತ್ತು, ಅದನ್ನು ಅನುಸರಿಸುವ ಮಳೆ ಬಂದಿತೋ ಇಲ್ಲವೋ ಎಂಬುದರ ಮೇಲೆ ಆ ವರ್ಷದ ಫಸಲು ನಿಂತಿದೆ. ಹೀಗೆ ತುಂಬಿದ ದಪ್ಪ ರಟ್ಟಿನ ಲೆಕ್ಕದ ಪುಸ್ತಕಗಳು ಎಷ್ಟೋ ಮನೆಗಳ ಗೂಡುಗಳಲ್ಲಿವೆ. ಇವಲ್ಲದೆ ದೋಣಿಗಲ್ಲಿನಲ್ಲಿ ಏಲಕ್ಕಿಯ ಸಂಶೋಧನ ಕೇಂದ್ರವಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಮಿಕ್ಕ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಅಳತೆಗೆ ಬರವಿಲ್ಲ, ಅದು ಶಾಲೆಯ ಬಾಗಿಲಿಗೆ ಬಂದಿಲ್ಲ, ಅಷ್ಟೆ.

ತೋಟದ ಪುಸ್ತಕವನ್ನು ಆದರ್ಶವೆಂದು ಎತ್ತಿ ಹಿಡಿಯುವುದು ನಮ್ಮ ಅಭಿಪ್ರಾಯವಲ್ಲ. ಮಾಪಕ ಮರದ ನೆರಳಿನಲ್ಲಿದ್ದರೆ ಮಳೆ ಕಡಿಮೆಯೆಂದು ಕಾಣುತ್ತದೆ. ಗಾಳಿಯ ಕೋಡಿನಲ್ಲಿದ್ದರೂ ಹಾಗೆಯೇ. ಭಾನುವಾರ ಬರೆಯದೆ ಸೋಮವಾರ ಎರಡು ದಿನದ್ದನ್ನು ಕೂಡಿಸಿ ಬರೆದರೆ ಸೋಮವಾರ ಸುಳ್ಳು ಪ್ರಳಯವೊಂದು ಹುಟ್ಟುತ್ತದೆ. ಮಳೆಯಿಲ್ಲದ ದಿನದ ಸೊನ್ನೆಯೂ ಬರೆಯದೆ ಬಿಟ್ಟ ದಿನದ ಖಾಲಿ ಜಾಗವೂ ಒಂದೇ ಅಲ್ಲ. ಇಲಾಖೆಯ ಮಳೆಯ ದಿನ ಬೆಳಗಿನ ಎಂಟೂವರೆಯಿಂದ ಎಂಟೂವರೆಗೆ. ತೋಟದ ದಿನ ರೈಟರು ಎದ್ದ ಹೊತ್ತಿನಿಂದ. ಆದರೆ ಇವೆಲ್ಲವೂ ನಾವು ಮೇಲೆ ಹೇಳಿದ 9.4ರ ಜಾತಿಗೆ ಸೇರಿದುವು. ಹತ್ತನೆಯ ತರಗತಿಯ ವಿದ್ಯಾರ್ಥಿ ಒಂದೇ ವರ್ಷದ ಪುಸ್ತಕವನ್ನು ಇಂಚಿಗೆ 25.4 ಮಿಲಿಮೀಟರಿನಂತೆ ಪರಿವರ್ತಿಸಿ, ಪಕ್ಕದ ಪಂಚಾಯಿತಿಯ ಅಂಕಿಗಳೊಡನೆ ಹೋಲಿಸಿ, ಎಲ್ಲಿ ಹೊಂದುವುದಿಲ್ಲವೆಂದು ಪಟ್ಟಿ ಮಾಡಿದರೆ ಅವನು ಕಲಿಯುವುದು ಯಾವ ಪರದೆಯಲ್ಲೂ ಇಲ್ಲ. ಪುಣೆಯ ಐಸರ್ ಸಂಸ್ಥೆಯಿಂದ 2017ರಲ್ಲಿ ಹೊರಟ ‘ಟ್ರಾಪ್ ಇಕ್ಸು’ ಎಂಬ ಯೋಜನೆಯು ವಾಯುಗುಣವನ್ನು ಪ್ರತ್ಯೇಕ ವಿಷಯವಾಗಿ ಹೇರದೆ ಗಣಿತ, ರಸಾಯನ, ಅರ್ಥಶಾಸ್ತ್ರಗಳ ಪಾಠಗಳೊಳಗೇ ನೇಯಬೇಕೆಂದು ಸೂಚಿಸಿತು. ಸರಾಸರಿ, ವಿಚಲನೆಗಳ ಗಣಿತಪಾಠಕ್ಕೆ ಮಳೆಯ ಪುಸ್ತಕಕ್ಕಿಂತ ಒಳ್ಳೆಯ ಉದಾಹರಣೆ ಈ ಗುಡ್ಡಗಳಲ್ಲಿ ಬೇರೆ ಯಾವುದಿದೆ?

ಇದು ಬೋಧನಕ್ರಮದ ಸೂಕ್ಷ್ಮವಷ್ಟೇ ಎಂದು ಯಾರಾದರೂ ತಿಳಿದಾರು. ಹಾಗಲ್ಲ. ಸಕಲೇಶಪುರದ ಘಟ್ಟದ ಹೊಳೆಗಳ ನೀರನ್ನು ಪೂರ್ವದ ಬಯಲು ಜಿಲ್ಲೆಗಳಿಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ದೊರೆಯಿತು. ಸುಮಾರು 24 ಟಿ.ಎಂ.ಸಿ. ನೀರು ದೊರೆಯುವುದೆಂಬುದು ಯೋಜನೆಯ ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರ ಅಧ್ಯಯನಕ್ಕೆ ಕಂಡುದು ಒಂಬತ್ತೂವರೆ ಟಿ.ಎಂ.ಸಿ.ಯಷ್ಟು. ಯಾರ ಲೆಕ್ಕ ಸರಿಯೆಂದು ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ಆದರೆ ಒಂದೇ ಹೊಳೆಯ ನೀರಿಗೆ ಎರಡು ಲೆಕ್ಕಗಳು ಹೇಗೆ ಹುಟ್ಟುತ್ತವೆ, ಯಾವ ಮಳೆಮಾಪಕದ ಎಷ್ಟು ವರ್ಷದ ಅಂಕಿ, ಅದರಲ್ಲಿ ಎಷ್ಟಂಶ ಹೊಳೆಗೆ ಹರಿಯಿತೆಂಬ ಊಹೆ—ಇವನ್ನು ಕೇಳಬಲ್ಲ ಜನ ಆ ಹೊಳೆಯ ದಡದಲ್ಲಿ ಬೆಳೆಯಬೇಕೋ ಬೇಡವೋ? ಪರದೆಯ ಮೇಲಣ ಅಂಕಿಯನ್ನು ಪ್ರಶ್ನಿಸದೆ ಒಪ್ಪುವ ಅಭ್ಯಾಸವನ್ನು ಶಾಲೆಯೇ ಕಲಿಸಿದರೆ, ಮುಂದೆ ಯೋಜನಾ ವರದಿಯ ಅಂಕಿಯನ್ನೂ ಅವನು ಹಾಗೆಯೇ ಒಪ್ಪುತ್ತಾನೆ. ಅಥವಾ ಹಾಗೆಯೇ, ಓದದೆಯೇ, ತಿರಸ್ಕರಿಸುತ್ತಾನೆ.

ಭೂಕುಸಿತಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. 2018ರ ಆಗಸ್ಟಿನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗದ ಮೇಲೆ ಗುಡ್ಡಗಳು ಕುಸಿದು ಸಂಚಾರ ನಿಂತಿತು. 2024ರ ಜುಲೈಯಲ್ಲಿ ಎಡಕುಮೇರಿ, ಕಡಗರವಳ್ಳಿಗಳ ನಡುವೆ ಮತ್ತೆ ಕುಸಿತವಾಯಿತು. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆಂಬುದು ಸ್ಥಿರವಾದ ಭೌತನಿಯಮ. ಭಾರೀ ಮಳೆಗಳು ಇನ್ನೂ ಭಾರಿಯಾಗುವ ಸಂಭವ ಇದರಿಂದ ಬರುತ್ತದೆ. ಆದರೆ ಇಂತಹ ಒಂದೊಂದು ಕುಸಿತಕ್ಕೂ ಇದೊಂದನ್ನೇ ಕಾರಣವೆಂದು ಬರೆಸಿ ಅಂಕ ಕೊಡುವುದು ವಿಜ್ಞಾನವಲ್ಲ. ದಾರಿಗಾಗಿ ಕಡಿದಾಗಿ ಕೊರೆದ ಬದುಗಳು, ತೆಗೆದ ಮರಗಳು, ಮುಚ್ಚಿಹೋದ ನೀರಿನ ಹಾದಿಗಳು ಇವೂ ಲೆಕ್ಕಕ್ಕೆ ಬರಬೇಕು. ವಾಯುಗುಣವನ್ನು ಕಂಡಕಂಡದ್ದಕ್ಕೆಲ್ಲ ಹೊಣೆಮಾಡುವ ಪಾಠದಿಂದ ನೆಮ್ಮದಿ ಪಡೆಯುವವರು ಬೆಟ್ಟವನ್ನು ಕಡಿದವರು.

ಹಾಗಾದರೆ ಮಿಥ್ಯಾ ಪ್ರಯೋಗಶಾಲೆ ಈ ಶಾಲೆಗಳಿಗೆ ಬೇಡವೆ? ಬೇಕು, ಆದರೆ ಬೇರೆ ಬಗೆಯದು ಬೇಕು. ಒಂದು ಮಾದರಿಯನ್ನು ಸೂಚಿಸುತ್ತೇವೆ. ಪರದೆಯ ಎಡಕ್ಕೆ ಕಡಲು, ಬಲಕ್ಕೆ ಘಟ್ಟದ ಇಳಿಜಾರು, ಅದರಾಚೆ ಆಲೂರಿನ ಕಡೆಯ ದಿಣ್ಣೆಗಳು. ವಿದ್ಯಾರ್ಥಿ ಗಾಳಿಯ ವೇಗ, ಉಷ್ಣತೆ, ತೇವಗಳನ್ನು ಬದಲಾಯಿಸಬಹುದು. ಜುಲೈಯಲ್ಲಿ ಕಡಲ ತಡಿಯ ಗಾಳಿ 27 ಡಿಗ್ರಿಯಲ್ಲಿ ತೇವದಿಂದ ತುಂಬಿದ್ದರೆ ಅದರ ಒಂದು ಕಿಲೋಗ್ರಾಮಿನಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. ಆ ಗಾಳಿ 950 ಮೀಟರು ಏರುವಾಗ ಸುಮಾರು 4 ಡಿಗ್ರಿ ತಂಪಾಗುತ್ತದೆ. ಆಗ ಅದು 20 ಗ್ರಾಮಿನಷ್ಟನ್ನು ಮಾತ್ರ ಹಿಡಿದಿಡಬಲ್ಲದು. ಉಳಿದ ಎರಡೂವರೆ ಮೂರು ಗ್ರಾಮು ಮೋಡವಾಗಿ, ಮಳೆಯಾಗಿ ಘಟ್ಟದ ಅಂಚಿಗೆ ಸಲ್ಲುತ್ತದೆ. ಅಂಚು ದಾಟಿದ ಗಾಳಿಗೆ ಮುಂದೆ ಏರಿಕೆಯಿಲ್ಲ. ಆದುದರಿಂದ ಆಲೂರಿಗೆ ಪಾಲು ಕಡಿಮೆ. ಇಷ್ಟನ್ನು ಗಣಕವಿಲ್ಲದೆ ಕಪ್ಪುಹಲಗೆಯ ಮೇಲೂ ಮಾಡಬಹುದೆಂಬುದು ನಿಜ. ಗಣಕದ ಲಾಭವೇನೆಂದರೆ, ಲೆಕ್ಕದ ಮಳೆಯ ಪಕ್ಕದಲ್ಲಿ ಅದೇ ದಿನದ ಅಳೆದ ಮಳೆಯನ್ನು ತುಂಬಲು ಒಂದು ಖಾಲಿ ಕೋಷ್ಟಕವನ್ನು ಅದು ಇಡಬಹುದು. ಎರಡೂ ಹೊಂದದಿದ್ದಾಗ—ಬಹುಪಾಲು ದಿನ ಹೊಂದುವುದಿಲ್ಲ—ಪಾಠ ಆರಂಭವಾಗುತ್ತದೆ.

ಕಾರ್ಯಕ್ಕೆ ತೊಡಗುವವರು ಕೆಲವು ಅಡಚಣೆಗಳನ್ನು ಮೊದಲೇ ಎಣಿಸಬೇಕು. ಮಳೆ ವಿಪರೀತವಾದ ದಿನಗಳಲ್ಲಿ ಈ ತಾಲ್ಲೂಕುಗಳ ಶಾಲೆಗಳಿಗೆ ರಜೆ ಸಾರುತ್ತಾರೆ, ಅದು ಸರಿಯಾದುದೇ. ಆದರೆ ಮಾಪಕಕ್ಕೆ ಹೇಳಲು ಅತ್ಯಂತ ಹೆಚ್ಚು ವಿಷಯವಿರುವ ದಿನವೇ ಅದನ್ನು ಕೇಳುವವರು ಶಾಲೆಯಲ್ಲಿರುವುದಿಲ್ಲ. ಅದೇ ದಿನಗಳಲ್ಲಿ ಮರ ಬಿದ್ದು ವಿದ್ಯುತ್ತೂ ಕಡಿದಿರುತ್ತದೆ, ಪರದೆಯೂ ಕತ್ತಲೆ. ಆದುದರಿಂದ ಮಾಪಕವು ಶಾಲೆಯ ಅಂಗಳಕ್ಕಿಂತ ಒಬ್ಬಿಬ್ಬರು ವಿದ್ಯಾರ್ಥಿಗಳ ಮನೆಯಂಗಳದಲ್ಲಿರುವುದು ಲೇಸು. ಪಠ್ಯಕ್ರಮದ ಅಡಚಣೆ ಇನ್ನೊಂದು. ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಪರಿಷತ್ತು 2022ರಲ್ಲಿ ಪಠ್ಯಭಾರವನ್ನು ಇಳಿಸುವಾಗ 9ನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ‘ನೈಸರ್ಗಿಕ ಸಂಪನ್ಮೂಲಗಳು’ ಎಂಬ ಅಧ್ಯಾಯವನ್ನು ಕೈಬಿಟ್ಟಿತು. ಗಾಳಿ, ಮಳೆ, ಹಸುರುಮನೆ ಪರಿಣಾಮಗಳು ಒಟ್ಟಿಗೆ ಬರುತ್ತಿದ್ದ ಅಧ್ಯಾಯ ಅದು. ಭಾರ ಇಳಿಸಬೇಕಾದುದು ನಿಜ. ಇಳಿಸಿದುದು ಇದನ್ನೇ ಏಕೆಂಬುದು ನಮಗೆ ತಿಳಿಯದು. ಅಧ್ಯಾಯ ಹೋದಾಗ ಅದರ ಜಾಗಕ್ಕೆ ಪರದೆ ಬರುತ್ತದೆಂದು ನೆಮ್ಮದಿಯಿಂದಿರುವವರಿಗೆ ಮೇಲಣ ಮಾತುಗಳನ್ನು ಮತ್ತೊಮ್ಮೆ ಓದಬೇಕೆಂದು ಬಿನ್ನವಿಸುತ್ತೇವೆ.

ಕಾಲೇಜುಗಳ ಭೂಗೋಳ, ಭೌತಶಾಸ್ತ್ರ ವಿಭಾಗಗಳು ಇಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ತೋಟದ ಮಳೆಪುಸ್ತಕಗಳಲ್ಲಿ ಹಳೆಯವು ಒದ್ದೆಗೆ, ಗೆದ್ದಲಿಗೆ ಈಡಾಗುತ್ತಿವೆ. ತೋಟ ಕೈಬದಲಾದಾಗ ರದ್ದಿಗೂ ಹೋಗುತ್ತವೆ. ಮನೆಯವರ ಒಪ್ಪಿಗೆ ಪಡೆದು ಅವನ್ನು ನಕಲು ಮಾಡಿ, ಮಾಪಕ ಎಲ್ಲಿ ನಿಂತಿತ್ತು, ಯಾವ ವರ್ಷ ಸ್ಥಳ ಬದಲಾಯಿತು, ಯಾರ ಕೈಬರಹ ಎಲ್ಲಿಗೆ ಮುಗಿಯಿತು ಎಂಬ ಟಿಪ್ಪಣಿಯೊಡನೆ ಇಡಬೇಕು. 30 ವರ್ಷ ತುಂಬಿದ ಪುಸ್ತಕಗಳನ್ನು ಮೊದಲು ಎತ್ತಿಕೊಳ್ಳುವುದು ಒಳ್ಳೆಯದು. ಮುಂಗಾರಿಗೆ ಮುಂಚೆ, ಹೂಮಳೆಯ ತಿಂಗಳಲ್ಲಿಯೇ ಇದಕ್ಕೆ ಹೊರಡುವುದು ಅನುಕೂಲ. ಆಗ ಆ ಪುಸ್ತಕಗಳು ಹೇಗೂ ಗೂಡಿನಿಂದ ಕೆಳಗಿಳಿದು ಮೇಜಿನ ಮೇಲಿರುತ್ತವೆ.